ಶೂನ್ಯ ವರದಿ ಮತ್ತು ಶಹಾಬಾದಿನ ಕೆಮ್ಮು

ಸರ್ಕಾರಿ ಕಚೇರಿಗಳಲ್ಲಿ ದುಡಿದವರಿಗೆ ‘ನಿಲ್ ರಿಪೋರ್ಟ್’ ಚಿರಪರಿಚಿತ. ಆಡಳಿತದಲ್ಲಿ ಕನ್ನಡ ಬಂದ ಮೇಲೆ ಅದು ‘ಶೂನ್ಯ ವರದಿ’ಯಾಯಿತು, ಸ್ವಭಾವ ಮಾತ್ರ ಬದಲಾಗಲಿಲ್ಲ. ನಮೂನೆಯಲ್ಲಿ ಕೇಳಿದ ಮಾಹಿತಿ ಕೆಳಗಿನಿಂದ ಬಾರದಿದ್ದರೆ ಆ ಕಾಲಂನಲ್ಲಿ ಒಂದು ಸೊನ್ನೆ ಬರೆದು ಮೇಲಕ್ಕೆ ಕಳುಹಿಸುವುದು ರೂಢಿ. ಕಲಬುರಗಿ ಇನ್ನೂ ಗುಲ್ಬರ್ಗ ಎನಿಸಿಕೊಂಡಿದ್ದ ವರ್ಷಗಳಲ್ಲಿ ಆ ಜಿಲ್ಲೆಯಲ್ಲಿ ಕೆಲಸ ಮಾಡಿದ ನಾನೂ ಅಂಥ ಹಲವು ಸೊನ್ನೆಗಳಿಗೆ ಸಹಿ ಹಾಕಿದ್ದೇನೆ. ಅವುಗಳಲ್ಲಿ ಒಂದು ಇಂದಿಗೂ ನೆನಪಿನಿಂದ ಅಳಿದಿಲ್ಲ. ‘ಉದ್ಯೋಗಜನ್ಯ ಶ್ವಾಸಕೋಶದ ಕಾಯಿಲೆಯ ಪ್ರಕರಣಗಳು’ ಎಂಬ ಶೀರ್ಷಿಕೆಯ ಕೆಳಗೆ, ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ತಾಲ್ಲೂಕುವಾರು ಸಾಲಾಗಿ ಸೊನ್ನೆ.

ಸೊನ್ನೆಗೆ ಎರಡು ಅರ್ಥಗಳಿರಲು ಸಾಧ್ಯ. ಹುಡುಕಿದರೂ ಸಿಗಲಿಲ್ಲ ಎಂಬುದು ಒಂದು. ಯಾರೂ ಹುಡುಕಲಿಲ್ಲ ಎಂಬುದು ಇನ್ನೊಂದು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಈ ವ್ಯತ್ಯಾಸ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ಸಭೆಗೆ ಮುನ್ನ ವರದಿ ಹೋಗಬೇಕಿತ್ತು.

ಆ ತಾಲ್ಲೂಕುಗಳನ್ನು ಬಲ್ಲವರಿಗೆ ಆ ಸೊನ್ನೆ ಎಷ್ಟು ವಿಚಿತ್ರವೆಂದು ವಿವರಿಸಬೇಕಾಗಿಲ್ಲ. ಕಾಗಿಣಾ ನದಿಯ ಎರಡೂ ಮಗ್ಗುಲಿಗೆ ಹರಡಿರುವ ಸುಣ್ಣಕಲ್ಲಿನ ಪದರದ ಮೇಲೆ ಆ ಸೀಮೆಯ ಬದುಕು ನಿಂತಿದೆ. ದಕ್ಷಿಣ ಭಾರತದ ಅರ್ಧದಷ್ಟು ಹಳೆಯ ಮನೆಗಳ ನೆಲಹಾಸು ಶಹಾಬಾದಿನ ಹೆಸರಿನಲ್ಲಿಯೇ ಮಾರಾಟವಾಗಿದೆ ಎಂದರೆ ಉತ್ಪ್ರೇಕ್ಷೆ ಕೊಂಚವೇ ಇರಬಹುದು. ವಾಡಿ ರೈಲು ಜಂಕ್ಷನ್ ಎಷ್ಟು ಪ್ರಸಿದ್ಧವೋ ಅಲ್ಲಿನ ಸಿಮೆಂಟ್ ಕಾರ್ಖಾನೆಯೂ ಅಷ್ಟೇ ಪ್ರಸಿದ್ಧ. ಸೇಡಂ, ಮಳಖೇಡ, ಚಿತ್ತಾಪುರ ಮತ್ತು ಚಿಂಚೋಳಿಯ ಸುತ್ತ ಒಂದರ ನಂತರ ಒಂದು ಸಿಮೆಂಟ್ ಘಟಕಗಳು ತಲೆ ಎತ್ತಿವೆ. ಫರ್ಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ಯುವ ಮತ್ತು ಪಾಲಿಶ್ ಮಾಡುವ ಸಣ್ಣ ಘಟಕಗಳು, ಲಾರಿಗೆ ತುಂಬುವವರು, ಚೀಲ ಹೊರುವವರು, ಗುತ್ತಿಗೆಯವರು, ಗುತ್ತಿಗೆದಾರನ ಕೈಕೆಳಗಿನ ಗುತ್ತಿಗೆಯವರು. ಇಷ್ಟು ಧೂಳಿನ ನಡುವೆ ಒಂದೂ ಪ್ರಕರಣವಿಲ್ಲ!

ಕೆಲವು ವರ್ಷಗಳ ನಂತರ, ವಾಡಿ ನಿಲ್ದಾಣದ ಹೊರಗಿನ ಚಹಾದಂಗಡಿಯಲ್ಲಿ ರೈಲಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನ ವೃದ್ಧರೊಬ್ಬರು ಮಾತಿಗೆ ಸಿಕ್ಕರು. ಮೂವತ್ತು ವರ್ಷ ಗಣಿಯಲ್ಲಿ ಕಲ್ಲು ಸೀಳಿದವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ; ಅದರಲ್ಲಿ ಸುರುಳಿ ಸುತ್ತಿದ ಎಕ್ಸ್‌ರೇ ಫಿಲ್ಮುಗಳು. “ಎರಡು ಸಲ ಟಿಬಿ ಗುಳಿಗಿ ಮುಗಿಸೀನ್ರೀ ಸಾಹೇಬ್ರ, ದಮ್ಮು ಮಾತ್ರ ಹೋಗವಲ್ದು” ಎಂದರು. ಅವರಿಗೆ ಇದ್ದದ್ದು ಕ್ಷಯವೋ, ಧೂಳಿನಿಂದ ಬಂದ ಕಾಯಿಲೆಯೋ, ಬೀಡಿಯ ಫಲವೋ, ಮೂರೂ ಕೂಡಿದ್ದೋ ನಾನು ಹೇಳಲಾರೆ. ಹೇಳಬಲ್ಲವರು ಯಾರು ಎಂಬ ಪ್ರಶ್ನೆ ಆಗ ಹುಟ್ಟಿದ್ದು. ಈ ಲೇಖನ ಅದರ ಬಗ್ಗೆಯೇ.

ವೈದ್ಯರು ಹೇಳಬಲ್ಲರು ಎಂಬುದು ಸಹಜ ಉತ್ತರ. ಅದು ಭಾಗಶಃ ಮಾತ್ರ ನಿಜ. ಒಬ್ಬ ರೋಗಿಯ ಎದೆಯಲ್ಲಿ ಏನಿದೆ ಎಂದು ವೈದ್ಯರು ಊಹಿಸಬಹುದು. ಆದರೆ ಐದೂರುಗಳ ಸಾವಿರಾರು ಎದೆಗಳಲ್ಲಿ ಏನಿದೆ, ಅದರಲ್ಲಿ ಎಷ್ಟು ಧೂಳಿನ ಪಾಲು, ಎಷ್ಟು ಒಲೆಯ ಹೊಗೆಯ ಪಾಲು ಎಂದು ಬೇರ್ಪಡಿಸಿ ತೋರಿಸುವುದು ಬೇರೆಯೇ ವಿದ್ಯೆ. ಆರೋಗ್ಯ ಸಂಶೋಧನಾ ವಿಧಾನ ಎಂದು ಅದಕ್ಕೆ ಹೆಸರು. ಯಾರನ್ನು ರೋಗಿ ಎನ್ನಬೇಕು, ಯಾರನ್ನು ಯಾರೊಡನೆ ಹೋಲಿಸಬೇಕು, ಎಷ್ಟು ಜನರನ್ನು ಎಲ್ಲಿಂದ ಆರಿಸಬೇಕು, ಕೈಬಿಟ್ಟುಹೋದವರನ್ನು ಹೇಗೆ ಲೆಕ್ಕಕ್ಕೆ ಹಿಡಿಯಬೇಕು ಎಂಬ ನೀರಸ ಪ್ರಶ್ನೆಗಳಲ್ಲಿ ಬದುಕು ಸವೆಸುವವರು ಈ ವಿದ್ಯೆಯ ಜನ. ಅವರು ಔಷಧ ಕಂಡುಹಿಡಿಯುವುದಿಲ್ಲ, ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಪ್ರಕಟವಾದ ಪ್ರಬಂಧದಲ್ಲಿ ಅವರ ಹೆಸರು ಆರನೆಯದೋ ಏಳನೆಯದೋ ಆಗಿರುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅವರಿಗೆ ಕುರ್ಚಿ ದೊರೆಯುವುದೇ ದುರ್ಲಭ.

ಈ ವಿದ್ಯೆಗೆ ಆಧುನಿಕ ರೂಪ ಕೊಟ್ಟವರಲ್ಲಿ ಪ್ರಮುಖರಾದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ವೈದ್ಯರಾಗಿರಲಿಲ್ಲ. ಯೌವನದಲ್ಲಿ ಕ್ಷಯರೋಗಕ್ಕೆ ತುತ್ತಾಗಿ ವೈದ್ಯಕೀಯ ಓದುವ ಆಸೆ ಕೈಬಿಟ್ಟು, ಅಂಚೆ ಮೂಲಕ ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿ ಪಡೆದವರು. (ನಮ್ಮ ವಿಷಯದವರೆಂಬ ಸಣ್ಣ ಹೆಮ್ಮೆ ನನಗಿದೆ.) 1948ರ ಸ್ಟ್ರೆಪ್ಟೋಮೈಸಿನ್ ಪ್ರಯೋಗ, ರಿಚರ್ಡ್ ಡಾಲ್ ಜೊತೆಗೂಡಿ 1950ರಲ್ಲಿ ಪ್ರಕಟಿಸಿದ ಧೂಮಪಾನ ಮತ್ತು ಶ್ವಾಸಕೋಶ ಕ್ಯಾನ್ಸರಿನ ಅಧ್ಯಯನ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1930ರಲ್ಲಿ, ಅವರು ಲಂಕಾಷೈರಿನ ಹತ್ತಿ ಗಿರಣಿಗಳ ಕಾರ್ಮಿಕರ ಕಾಯಿಲೆಗಳ ಲೆಕ್ಕ ಹಾಕಿ, ಧೂಳು ಹೆಚ್ಚಿರುವ ಕೋಣೆಗಳಲ್ಲಿ ಕೆಲಸ ಮಾಡುವವರಿಗೆ ಉಸಿರಾಟದ ತೊಂದರೆ ಹೆಚ್ಚೆಂದು ತೋರಿಸಿದ್ದರು. ಗಿರಣಿಯ ಧೂಳಿನಲ್ಲಿ ಹುಟ್ಟಿದ ವಿದ್ಯೆ ಇದು.

ಕರ್ನಾಟಕಕ್ಕೆ ಇದು ಹೊಸದೇನಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ, ಹಳ್ಳಿಯ ಜನ ಅಜ್ಞಾನಿಗಳು, ಕಾಯಿಲೆಯನ್ನು ಗುರುತಿಸಲಾರರು, ಎಕ್ಸ್‌ರೇ ವಾಹನಗಳನ್ನು ಊರೂರಿಗೆ ಒಯ್ಯದೆ ಗತಿಯಿಲ್ಲ ಎಂಬ ನಂಬಿಕೆ ಬಲವಾಗಿತ್ತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಅದನ್ನು ಪರೀಕ್ಷಿಸಿದರು. ಆಸ್ಪತ್ರೆಗೆ ಬಂದ ರೋಗಿಗಳನ್ನು ಅವರು ಕೇಳಲಿಲ್ಲ. ಹಳ್ಳಿಗಳ ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳ ಮನೆಗೇ ಹೋಗಿ ಕೇಳಿದರು. 1963ರಲ್ಲಿ ಪ್ರಕಟವಾದ ಫಲಿತಾಂಶ ಆ ಕಾಲದ ತಜ್ಞರನ್ನು ಮುಜುಗರಕ್ಕೆ ಈಡುಮಾಡುವಂತಿತ್ತು. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ದವಾಖಾನೆಗೆ ಹೋದವರ ಕಫ ಪರೀಕ್ಷಿಸುವ ಬದಲು ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸಲಾಗುತ್ತಿತ್ತು. ಅಜ್ಞಾನ ಎಲ್ಲಿತ್ತೆಂಬುದು ಸ್ಪಷ್ಟವಾಯಿತು. ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೇ ಕಫ ಪರೀಕ್ಷೆ ನಡೆಯಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ಹಿಂದೆ ಇದ್ದದ್ದು ಆ ಸಂಸ್ಥೆಯ ಇಂಥ ಅಧ್ಯಯನಗಳು. ಪ್ರಶ್ನೆಯನ್ನು ಎಲ್ಲಿ ನಿಂತು ಕೇಳಬೇಕು ಎಂಬ ಒಂದು ತೀರ್ಮಾನ ದೇಶದ ನೀತಿಯ ದಿಕ್ಕನ್ನು ತಿದ್ದಿತು.

ಇನ್ನೊಂದು ಉದಾಹರಣೆ ಬೆಳಗಾವಿಯದು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಹಳ್ಳಿಯಲ್ಲಿ ಕೆಲಸಕ್ಕೆ ಬರುವುದೇ ಎಂದು ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ವಿದೇಶಿ ವಿಶ್ವವಿದ್ಯಾಲಯಗಳ ಸಹಯೋಗದಲ್ಲಿ 2002ರಿಂದ 2005ರವರೆಗೆ ಪರೀಕ್ಷಿಸಿತು. 1,620 ತಾಯಂದಿರು, ಹೆರಿಗೆ ಮಾಡಿಸಿದವರು 25 ಮಂದಿ ಸಹಾಯಕ ಶುಶ್ರೂಷಕಿಯರು. ಮಾತ್ರೆ ನಿಜವಾದದ್ದೋ ಹುಸಿಯೋ ಎಂಬುದು ಕೊಡುವವರಿಗೂ ತಿಳಿಯದು, ತೆಗೆದುಕೊಳ್ಳುವವರಿಗೂ ತಿಳಿಯದು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನನ್ನನ್ನು ಹೆಚ್ಚು ಸೆಳೆದದ್ದು ಮಾತ್ರೆಯಲ್ಲ, ಒಂದು ಪ್ಲಾಸ್ಟಿಕ್ ಹಾಳೆ. ಕಣ್ಣಳತೆಯಲ್ಲಿ ರಕ್ತವನ್ನು ಅಂದಾಜು ಮಾಡಿದರೆ ಯಾವಾಗಲೂ ಕಡಿಮೆಯೇ ಕಾಣುತ್ತದೆ. ಆದ್ದರಿಂದ ತಾಯಿಯ ಕೆಳಗೆ ಹಾಸಿ ರಕ್ತವನ್ನು ಶೇಖರಿಸುವ, ಅಳತೆಯ ಗೆರೆಗಳಿರುವ ಚೀಲದ ಹಾಳೆಯೊಂದನ್ನು ಆ ಪ್ರಯೋಗಕ್ಕಾಗಿಯೇ ರೂಪಿಸಲಾಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ತೀವ್ರ ರಕ್ತಸ್ರಾವವನ್ನು ಬೇಗ ಗುರುತಿಸಲು ಬಳಸಿದ್ದು ಇದೇ ಬಗೆಯ ಗೆರೆಯಿರುವ ಹಾಳೆಯನ್ನು.

ತುಮಕೂರಿನಲ್ಲಿ, ಬೆಳಗಾವಿಯಲ್ಲಿ ಇದು ಸಾಧ್ಯವಾದದ್ದು ಅಲ್ಲಿ ವರ್ಷಗಟ್ಟಲೆ ನೆಲೆನಿಂತು ಕೆಲಸ ಮಾಡಿದ ಜನ ಇದ್ದುದರಿಂದ. ಕಲಬುರಗಿ ಸೀಮೆಗೆ ಅಂಥ ನೆಲೆ ಏಕೆ ಬೇಕು, ಬೆಂಗಳೂರಿನಿಂದ ತಜ್ಞರು ಬಂದು ಹೋದರೆ ಸಾಲದೇ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ಕೆಲವು ಕಾರಣಗಳನ್ನು ಕೊಡುತ್ತೇನೆ.

ಮೊದಲು ಸರಾಸರಿಯ ವಿಚಾರ. 2019ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 26,574 ಮನೆಗಳನ್ನು ತಲುಪಿತು. 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ 900ಕ್ಕೂ ಕಡಿಮೆ. 2011ರ ಜನಗಣತಿಯಂತೆ 25 ಲಕ್ಷ 66 ಸಾವಿರ ಜನರಿದ್ದ ಈ ಜಿಲ್ಲೆಯ ಅಂದಿನ ಏಳು ತಾಲ್ಲೂಕುಗಳಿಗೆ ಅದನ್ನು ಹಂಚಿದರೆ ತಾಲ್ಲೂಕಿಗೆ ಸುಮಾರು 125 ಮನೆ. ಜಿಲ್ಲೆಯ ಮಟ್ಟಿಗೆ ಆ ಸಮೀಕ್ಷೆ ವಿಶ್ವಾಸಾರ್ಹ. ಅದರಿಂದ ವಾಡಿಯ ಬಗ್ಗೆ ಏನನ್ನಾದರೂ ಹೇಳಹೊರಟರೆ ಅದು ಗಿಳಿಶಾಸ್ತ್ರ. ಅಫಜಲಪುರದ ಕಬ್ಬಿನ ಗದ್ದೆಯನ್ನೂ ಶಹಾಬಾದಿನ ಕಲ್ಲಿನ ಗಣಿಯನ್ನೂ ಕೂಡಿಸಿ ಭಾಗಿಸಿದಾಗ ಬರುವ ಅಂಕಿಯಲ್ಲಿ ಯಾರ ಉಸಿರೂ ಇರುವುದಿಲ್ಲ.

ಎರಡನೆಯದು, ಕಾರ್ಖಾನೆಯ ಗೇಟಿನಲ್ಲಿ ನಿಂತು ಮಾಡುವ ತಪಾಸಣೆಯ ಮೋಸ. ಇಂದು ಕೆಲಸಕ್ಕೆ ಬಂದವರು ಬರಲು ಶಕ್ತರಾದವರು. ಏದುಸಿರು ಹತ್ತಿದವರು ಐದು ವರ್ಷಗಳ ಹಿಂದೆಯೇ ಊರಿಗೆ ಮರಳಿ, ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾರೆ. ಗೇಟಿನಲ್ಲಿ ಎಷ್ಟು ಜನರನ್ನು ಪರೀಕ್ಷಿಸಿದರೂ ಎಲ್ಲರೂ ಗಟ್ಟಿಮುಟ್ಟು. ಧೂಳು ಆರೋಗ್ಯವರ್ಧಕವೇನೋ ಎಂಬ ಭ್ರಮೆ ಹುಟ್ಟುವಷ್ಟು. ಈ ಬಲೆಯನ್ನು ಬಲ್ಲ ಸಂಶೋಧಕರು ಹಾಜರಿ ಪುಸ್ತಕದಿಂದ ಆರಂಭಿಸುವುದಿಲ್ಲ. ಊರಿನಿಂದ ಆರಂಭಿಸಿ, ಎಂದಾದರೂ ಗಣಿಯಲ್ಲಿ ದುಡಿದವರನ್ನೆಲ್ಲ ಪಟ್ಟಿ ಮಾಡುತ್ತಾರೆ. ತೀರಿಕೊಂಡವರ ಮನೆಯವರನ್ನೂ ಕೇಳುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಮುಗಿಯುವ ಕೆಲಸವಲ್ಲ ಇದು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಪದವಿಯ ಪ್ರಬಂಧಕ್ಕಾಗಿ ಒಂದು ಗಣಿಗೆ ಹೋಗಿ ನೂರಿನ್ನೂರು ಜನರನ್ನು ಪರೀಕ್ಷಿಸಿ ಬರುವುದು ಶ್ಲಾಘನೀಯವೇ ಆದರೂ, ಆ ನೂರಿನ್ನೂರು ಮಂದಿಯನ್ನು ಹತ್ತು ವರ್ಷಗಳ ನಂತರ ಹುಡುಕಿಕೊಂಡು ಹೋಗುವವರು ಬೇಕು.

ಇನ್ನು ಭಾಷೆ. ಪ್ರಶ್ನಾವಳಿಯಲ್ಲಿ ‘ನಿಮಗೆ ಉಬ್ಬಸವಿದೆಯೇ?’ ಎಂದು ಬೆಂಗಳೂರಿನಲ್ಲಿ ಮುದ್ರಿಸಿ ತಂದರೆ ಚಿಂಚೋಳಿಯ ರೈತ ‘ಇಲ್ಲ’ ಎನ್ನುತ್ತಾನೆ. ಅವನಿಗೆ ಇರುವುದು ದಮ್ಮು. ತಾಂಡಾದ ಮುದುಕಿ ಅದನ್ನು ಲಂಬಾಣಿಯಲ್ಲಿ ಹೇಳುತ್ತಾಳೆ, ಶಹಾಬಾದಿನ ಕಾರ್ಮಿಕ ದಖನಿಯಲ್ಲಿ, ಸೇಡಂ ಗಡಿಯ ಹಳ್ಳಿಯವರು ತೆಲುಗಿನಲ್ಲಿ. ಪ್ರತಿಯೊಂದಕ್ಕೂ ಸಮಾನ ತೂಕದ ಮಾತು ಹುಡುಕಿ, ಬೇರೊಬ್ಬರಿಂದ ಮರಳಿ ಅನುವಾದ ಮಾಡಿಸಿ, ಹತ್ತಾರು ಜನರ ಮುಂದೆ ಪರೀಕ್ಷಿಸಿದ ಮೇಲೆಯೇ ಪ್ರಶ್ನೆ ಪ್ರಶ್ನೆಯಾಗುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ. ಕನ್ನಡದ ಒಳಗೇ ಹಲವು ಕನ್ನಡಗಳಿವೆ ಎಂಬ ಎಚ್ಚರ ಒಂಬತ್ತನೆಯ ಶತಮಾನದ ಆ ಗ್ರಂಥದಲ್ಲಿದೆ. ನಮ್ಮ ಆರೋಗ್ಯ ಸಮೀಕ್ಷೆಗಳ ಪ್ರಶ್ನಾವಳಿಗಳಲ್ಲಿ ನಾನು ಅದನ್ನು ಕಂಡದ್ದು ಅಪರೂಪ.

ಗಡಿಯ ತೊಡಕು ಬೇರೆ. ಚಿಂಚೋಳಿಯವರು ಚಿಕಿತ್ಸೆಗೆ ತಾಂಡೂರು, ಜಹೀರಾಬಾದ್, ಹೈದರಾಬಾದಿಗೆ ಹೋಗುತ್ತಾರೆ. ಅಲ್ಲಿನ ದಾಖಲೆ ತೆಲಂಗಾಣದ ಲೆಕ್ಕ. ತಾಂಡಾಗಳ ಜನ ಸುಗ್ಗಿ ಮುಗಿದೊಡನೆ ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ; ಸಮೀಕ್ಷಕರಿಗೆ ಸಿಗುವುದು ಬೀಗ. ಅಲ್ಲಿಯೇ ಕಾಯಿಲೆ ಬಿದ್ದವರು ಎರಡೂ ಕಡೆಯ ಪಟ್ಟಿಗಳಲ್ಲಿ ಇರುವುದಿಲ್ಲ.

ಎಕ್ಸ್‌ರೇ ಇದೆಯಲ್ಲ, ಅದು ಸುಳ್ಳು ಹೇಳುವುದಿಲ್ಲವಲ್ಲ ಎನ್ನುವವರಿದ್ದಾರೆ. ಎಕ್ಸ್‌ರೇ ಸುಳ್ಳು ಹೇಳುವುದಿಲ್ಲ, ಓದುವವರು ಬೇರೆಬೇರೆಯಾಗಿ ಓದುತ್ತಾರೆ. ಧೂಳಿನ ಕಾಯಿಲೆಯ ಚುಕ್ಕೆಗಳನ್ನು ಕ್ಷಯದ ಕಲೆಗಳೆಂದು ಓದುವುದು ದೇಶದ ಎಲ್ಲ ಗಣಿ ಪ್ರದೇಶಗಳ ಹಳೆಯ ಕಥೆ. ಸಿಲಿಕಾ ಧೂಳು ಕ್ಷಯಕ್ಕೂ ದಾರಿ ಮಾಡಿಕೊಡುವುದರಿಂದ ಎರಡೂ ಒಟ್ಟಿಗಿರುವುದೂ ಉಂಟು. ಇದಕ್ಕಾಗಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾದರಿ ಫಿಲ್ಮುಗಳನ್ನು ಇಟ್ಟು ವರ್ಗೀಕರಣ ಮಾಡಿದೆ. ಇಬ್ಬರು ತರಬೇತಾದ ವೈದ್ಯರು, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ, ಪ್ರತಿ ಫಿಲ್ಮನ್ನು ಆ ಮಾದರಿಯೊಡನೆ ಹೋಲಿಸಿ ಓದಬೇಕು. ಕಲ್ಲಿನ ಗುಣವನ್ನೂ ಅಳೆಯಬೇಕು. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿ. ಗ್ರಾನೈಟ್ ಅಥವಾ ಮರಳುಗಲ್ಲಿನಷ್ಟು ಸಿಲಿಕಾ ಅದರಲ್ಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಉದ್ಯೋಗ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಮಧ್ಯಪ್ರದೇಶದ ಮಂದಸೌರ್‌ನ ಸ್ಲೇಟ್ ಕಡ್ಡಿ ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಲಿಕೋಸಿಸ್ ಇದ್ದುದನ್ನು ಕಂಡಿತು. ಆ ಪ್ರಮಾಣವನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸುವುದು ತಪ್ಪು. ಹಾಗೆಂದು ಸುಣ್ಣಕಲ್ಲು ನಿರಪಾಯಕಾರಿ ಎಂದುಬಿಡುವುದೂ ತಪ್ಪು. ಕೈಯಿಂದ ಸೀಳುವಾಗ ಏಳುವ ಧೂಳು ಬೇರೆ, ಯಂತ್ರದಿಂದ ಕೊಯ್ದು ತಿಕ್ಕುವಾಗ ಏಳುವ ಧೂಳು ಬೇರೆ. ಗಣಿಯ ಮಾಲೀಕರು ಒಂದು ಊಹೆಯನ್ನು, ಕಾರ್ಮಿಕ ಸಂಘದವರು ಇನ್ನೊಂದು ಊಹೆಯನ್ನು ಹಿಡಿದು ವಾದಿಸುತ್ತಿರುವಷ್ಟು ಕಾಲ ಸೊನ್ನೆಗೆ ಭಯವಿಲ್ಲ.

ಹಿಂದುಳಿದಿರುವಿಕೆಯನ್ನು ಅಳೆಯುವಲ್ಲಿ ನಾವು ಶ್ರಮಪಡಲಿಲ್ಲವೆಂದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಬಳಸಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಚಿಂಚೋಳಿ, ಸೇಡಂ, ಚಿತ್ತಾಪುರ ಆ ಕೊನೆಯ ಪಟ್ಟಿಯಲ್ಲಿದ್ದವು. ಆ ವರದಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆರೋಗ್ಯ ಕ್ಷೇತ್ರದಲ್ಲಿ ಅದು ಎಣಿಸಿದ್ದು ಹತ್ತು ಸಾವಿರ ಜನರಿಗೆ ವೈದ್ಯರೆಷ್ಟು, ಹಾಸಿಗೆಗಳೆಷ್ಟು ಎಂಬ ಬಗೆಯ ಸೌಲಭ್ಯಗಳನ್ನು. ಅಂದು ದೊರೆಯುತ್ತಿದ್ದ ಅಂಕಿಅಂಶ ಅಷ್ಟೇ. ಆಮೇಲೆ ನಾವು ಅದೇ ಜಾಡಿನಲ್ಲಿ ನಡೆದೆವು. 371(ಜೆ) ಕಲಂ 2013ರಲ್ಲಿ ಜಾರಿಗೆ ಬಂದಿತು, ಮಂಡಳಿಗೆ ಹಣ ಬಂದಿತು, ವೈದ್ಯಕೀಯ ಕಾಲೇಜುಗಳು ಬಂದವು, 2024ರ ಡಿಸೆಂಬರಿನಲ್ಲಿ ಕಲಂ ಸಂಖ್ಯೆಯನ್ನೇ ನೆನಪಿಸುವಂತೆ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಕಲಬುರಗಿಯಲ್ಲಿ ಆರಂಭವಾಯಿತು. ಎಲ್ಲವೂ ಬೇಕಾದವೇ. ಎದೆಯೊಳಗಿನ ಹೃದಯಕ್ಕೆ ದೊರೆತ ಗಮನ ಅದರ ಪಕ್ಕದ ಶ್ವಾಸಕೋಶಕ್ಕೆ ಯಾವಾಗ ದೊರೆಯುವುದೋ ಕಾಣೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರೇ ಇಲ್ಲದಿರುವಾಗ ಸಂಶೋಧಕರು ಯಾರಿಗೆ ಬೇಕು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಧಿಕಾರದಲ್ಲಿದ್ದಾಗ ಇದೇ ಮಾತನ್ನು ನಾನೇ ಆಡಿದ್ದೇನೆ. ಹಣದ ಲೆಕ್ಕದಲ್ಲಿ ಆ ಆಕ್ಷೇಪ ನಿಲ್ಲುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ಘೋಷಿಸಿದ ಮೊತ್ತ ವರ್ಷಕ್ಕೆ 5,000 ಕೋಟಿ ರೂಪಾಯಿ. ಅದರ ಸಾವಿರದಲ್ಲೊಂದು ಭಾಗ 5 ಕೋಟಿ. ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞರು, ಸಾಂಕ್ರಾಮಿಕ ರೋಗಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ಧೂಳು ಅಳೆಯುವ ತಂತ್ರಜ್ಞರು ಸೇರಿದ ಸಣ್ಣ ಘಟಕವೊಂದನ್ನು ಖಾಯಂ ಹುದ್ದೆಗಳೊಂದಿಗೆ ನಡೆಸಲು ಅಷ್ಟೂ ಬೇಕಾಗಲಾರದು. 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ವಿಶ್ವವಿದ್ಯಾಲಯವಿದೆ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ. ಖಾಯಂ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹನ್ನೊಂದು ತಿಂಗಳ ಕರಾರಿನ ಮೇಲೆ ನೇಮಕಗೊಂಡ ಸಂಶೋಧಕನಿಂದ ಹತ್ತು ವರ್ಷದ ಅಧ್ಯಯನವನ್ನು ನಿರೀಕ್ಷಿಸುವುದು ಅನ್ಯಾಯ. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರಲ್ಲಿ ತಂದ ಅಂಕ ಪದ್ಧತಿಯ ನಂತರ ಪ್ರಬಂಧಗಳ ಸಂಖ್ಯೆ ಎಣಿಸುವ ಚಟ ಅಂಟಿಕೊಂಡಿದೆ. ಪ್ರಶ್ನಾವಳಿಯ ಒಂದು ಪದ ಸರಿಪಡಿಸಲು ಮೂರು ತಿಂಗಳು ತಾಂಡಾ ಸುತ್ತಿದವರಿಗೆ ಆ ಪದ್ಧತಿಯಲ್ಲಿ ಸಿಗುವುದು ಮತ್ತೊಂದು ಸೊನ್ನೆ.

ಸಿಮೆಂಟ್ ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ನೇರವಾಗಿ ಇದನ್ನು ನಡೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪೆನಿಗಳ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ತಂಬಾಕು ಮತ್ತು ಕಲ್ನಾರಿನ ಇತಿಹಾಸ ಓದಿದವರು ಅಧ್ಯಯನಕ್ಕೆ ಒಳಗಾಗುವವರಿಂದ ಸಂಬಳ ಪಡೆಯುವುದಿಲ್ಲ. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಗಣಿ ಗುತ್ತಿಗೆದಾರರು ರಾಜಧನದ ಮೇಲೆ ಶೇ 10ರಿಂದ 30ರವರೆಗೆ ಅದಕ್ಕೆ ಕಟ್ಟಬೇಕು. ಅದು ಯಾರ ದಾನವೂ ಅಲ್ಲ, ಗಣಿಬಾಧಿತ ಜನರ ಹಕ್ಕಿನ ಹಣ. ಆರೋಗ್ಯ ಅದರ ಆದ್ಯತೆಯ ಬಾಬ್ತು. ಸಮುದಾಯ ಭವನಗಳು, ಸಿಸಿ ರಸ್ತೆಗಳು ಕಣ್ಣಿಗೆ ಕಾಣುತ್ತವೆ, ಉದ್ಘಾಟನೆಗೆ ಒದಗುತ್ತವೆ. ಕಾರ್ಮಿಕರ ಶ್ವಾಸಕೋಶದ ದಾಖಲೆಗೆ ಕಲ್ಲು ನೆಡಲು ಬಾರದು ಎಂಬುದೇ ತೊಡಕಿದ್ದರೆ ಅದಕ್ಕೂ ಒಂದು ಸಮಾರಂಭ ಮಾಡೋಣ.

ಈಗ ತುರ್ತಿನ ಸಂಗತಿಯೊಂದಿದೆ. ಸಿಲಿಕೋಸಿಸ್ ಕಂಡರೆ ವರದಿ ಮಾಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದರ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ನಲವತ್ತು ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಅಂದರೆ ವಾಡಿ, ಸೇಡಂ, ಶಹಾಬಾದಿನಲ್ಲಿ ವರ್ಷವರ್ಷವೂ ಸಾವಿರಾರು ಎದೆಗಳ ದಾಖಲೆ ಹುಟ್ಟಬೇಕು. ಆ ನಮೂನೆಯಲ್ಲಿ ಇಂದಿನ ಉದ್ಯೋಗದಾತನ ಹೆಸರಿಗೆ ಮಾತ್ರ ಕಾಲಂ ಇರುವುದೋ, ಹಿಂದೆ ಯಾವ ಗಣಿಯಲ್ಲಿ ಎಷ್ಟು ವರ್ಷ, ಯಾವ ಕೆಲಸ ಎಂದು ಬರೆಯಲೂ ಜಾಗವಿರುವುದೋ? ಕೆಲಸ ಬಿಟ್ಟವರನ್ನು ಯಾರು ಕರೆಯುತ್ತಾರೆ? ಫಿಲ್ಮುಗಳು ಕಾರ್ಖಾನೆಯ ಕಪಾಟಿನಲ್ಲಿ ಉಳಿಯುತ್ತವೆಯೋ, ಹೆಸರು ಮರೆಮಾಡಿದ ಒಂದು ಪ್ರತಿ ವಿಶ್ವವಿದ್ಯಾಲಯಕ್ಕೂ ಹೋಗುತ್ತದೆಯೋ? ನಮೂನೆ ಅಚ್ಚಾಗುವ ಮುನ್ನವೇ ಇವು ತೀರ್ಮಾನವಾಗಬೇಕು. ಜಿಲ್ಲಾಡಳಿತ, ಕಾರ್ಮಿಕ ಇಲಾಖೆ ಮತ್ತು ಎರಡೂ ವಿಶ್ವವಿದ್ಯಾಲಯಗಳ ಕುಲಪತಿಗಳು ಒಂದು ಮೇಜಿನ ಸುತ್ತ ಕುಳಿತರೆ ಅದಕ್ಕೆ ಒಂದು ಮಧ್ಯಾಹ್ನ ಸಾಕು.